ಸಹಾಯ ಬೇಕು: ಟೈರ್ ಗಾಳಿ ಲೆಕ್ಕ ಒಂದೂವರೆ ಪಾಯಿಂಟ್ ತಪ್ತಿದೆ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ನಮ್ಮದೊಂದು ಪಂಚರ್ ಅಂಗಡಿ. ಮಗಳು ಫಸ್ಟ್ ಪಿಯುಸಿ ಸೈನ್ಸ್. ಅನಿಲಗಳ ಪಾಠ ಓದ್ತಾ, "ಅಪ್ಪಾ, ನಿಮ್ಮ ಟೈರಲ್ಲೇ ನೋಡೋಣ" ಅಂದಳು. ಅಲ್ಲಿಂದ ಶುರುವಾಯ್ತು ತಲೆನೋವು.

ಬೆಳಿಗ್ಗೆ 15 ಡಿಗ್ರಿ ಇದ್ದಾಗ ಕಾರ್ ಟೈರಿಗೆ 30 ಪಾಯಿಂಟ್ (psi) ಗಾಳಿ ಹೊಡೆದೆ. ಮಧ್ಯಾಹ್ನದವರೆಗೂ ಬಿಸಿಲಲ್ಲಿಟ್ಟಾಗ ಟೈರ್ 45 ಡಿಗ್ರಿ, ಗೇಜಿನ ಮುಳ್ಳು 34 ದಾಟಿ ಅರ್ಧಕ್ಕೆ ನಿಂತಿದೆ. ವಾಲ್ವಿಗೆ ಎಂಜಲು ಹಚ್ಚಿಯೂ ನೋಡಿದೆ, ಗುಳ್ಳೆ ಇಲ್ಲ.

ಉಷ್ಣತೆ ಎಷ್ಟು ಪಟ್ಟು ಏರುತ್ತೋ ಒತ್ತಡವೂ ಅಷ್ಟೇ ಪಟ್ಟು ಏರುತ್ತೆ ಅನ್ನೋ ಪಾಠದ ಸೂತ್ರ ಹಿಡಿದು ಮೊದಲು ಸೆಲ್ಸಿಯಸ್‌ನಲ್ಲೇ ಲೆಕ್ಕ ಹಾಕಿದ್ವಿ, 90 ಪಾಯಿಂಟ್ ಬಂತು! ಹಾಗಿದ್ದಿದ್ರೆ ಅಂಗಡಿ ಉಳೀತಿರಲಿಲ್ಲ ಬಿಡಿ. ಆಮೇಲೆ ಅವಳು 273 ಕೂಡಿಸಿ ಕೆಲ್ವಿನ್ (ಉಷ್ಣತೆಯನ್ನ ನಿಜವಾದ ಸೊನ್ನೆಯಿಂದ ಎಣಿಸೋ ಅಳತೆ) ಮಾಡಿದಳು: 288 ಮತ್ತು 318. ಆಗ ಬಂದಿದ್ದು 33.1. ಹತ್ತಿರ ಬಂತು, ಆದ್ರೆ ಸರಿ ಇಲ್ಲ. ಇನ್ನೊಂದು ಗೇಜ್ ಹಾಕಿದ್ರೂ ಅದೇ 34.5.

ಪರಿಚಯದವರೊಬ್ಬರು, "ಗೇಜ್ ತೋರಿಸೋದಕ್ಕೆ ಹೊರಗಿನ ಗಾಳಿಯ ಒತ್ತಡ 14.7 ಕೂಡಿಸಿ ಲೆಕ್ಕ ಮಾಡಿ, ಕೊನೆಗೆ ಕಳೀರಿ" ಅಂದ್ರು. ಮಾಡಿದ್ರೆ 34.7. ಹೆಚ್ಚುಕಮ್ಮಿ ಕೂತೇ ಬಿಡ್ತು! ಆದ್ರೆ ಯಾಕೆ ಅಂತ ಇಬ್ಬರಿಗೂ ಗೊತ್ತಾಗ್ತಿಲ್ಲ. ಪೂರ್ತಿ ಪಂಚರ್ ಆದ ಟೈರಿಗೂ ಮುಳ್ಳು ಸೊನ್ನೆ ತೋರಿಸುತ್ತೆ, ಒಳಗೆ ಗಾಳಿ ಇದ್ದೇ ಇರುತ್ತಲ್ಲ, ಅದಕ್ಕಾ?

ನನ್ನ ಪ್ರಶ್ನೆ ಇಷ್ಟೇ: ಉಷ್ಣತೆಗೆ ನಿಜವಾದ ಸೊನ್ನೆಯಿಂದ ಎಣಿಸೋ ಹಾಗೆ, ಒತ್ತಡಕ್ಕೂ ನಿಜವಾದ ಸೊನ್ನೆಯಿಂದಲೇ ಎಣಿಸಬೇಕಾ? ಹಾಗಾದ್ರೆ 900 ಮೀಟರಿಗೂ ಎತ್ತರದಲ್ಲಿರೋ ನಮ್ಮೂರಿಗೆ 14.7 ಹಾಕಬೇಕಾ, ಇಲ್ಲಾ ಕಮ್ಮಿ ಹಾಕಬೇಕಾ? ಗೊತ್ತಿರೋ ಮೇಷ್ಟ್ರು ಯಾರಾದ್ರೂ ದಯವಿಟ್ಟು ಹೇಳಿ.