ಊರಲ್ಲೇ ಇರುವ ‘ಅನಿವಾಸಿ’ ಮಾಲೀಕ: ಬಾಡಿಗೆ ಮನೆಯ ಕೆಲವು ಪದಗಳು

ಗೆಳೆಯರೇ, ಕೆಲವು ಪದಗಳ ವಿಚಾರದಲ್ಲಿ ನಿಮ್ಮ ಸಲಹೆ ಬೇಕಿತ್ತು. ಎಲ್ಲವೂ ಬಾಡಿಗೆ ಮನೆಗೆ ಸಂಬಂಧಪಟ್ಟವು. ಮನೆ ಇರುವುದು ಇಂಗ್ಲೆಂಡಿನಲ್ಲಿ, ಮಾಲೀಕರು ಇರುವುದು ಇಲ್ಲಿ.

ಅಕ್ಕ-ಭಾವ ಅಲ್ಲಿ ಕೆಲಸದಲ್ಲಿದ್ದಾಗ ಒಂದು ಫ್ಲ್ಯಾಟ್ ಕೊಂಡಿದ್ದರು. ಈಗ ವಾಪಸ್ ಬಂದು ನೆಲೆಸಿದ್ದಾರೆ. ಫ್ಲ್ಯಾಟನ್ನು ಏಜೆಂಟರ ಮೂಲಕ ಬಾಡಿಗೆಗೆ ಕೊಟ್ಟಿದ್ದಾರೆ. ಅದರ ಕಾಗದಪತ್ರ ನೋಡಿಕೊಳ್ಳುವವರು ಭಾವನ ತಂದೆ. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಲೆಕ್ಕ ಎಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು, ಆದರೆ ಇಂಗ್ಲಿಷಿನ ಕಾನೂನು ಭಾಷೆ ತಲೆನೋವು. ಹಾಗಾಗಿ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದುಕೊಡುತ್ತಿದ್ದೇನೆ.

ಮೊದಲ ತೊಡಕು ‘ನಾನ್-ರೆಸಿಡೆಂಟ್ ಲ್ಯಾಂಡ್‌ಲಾರ್ಡ್’. ಬ್ರಿಟನ್ನಿನ ತೆರಿಗೆ ಇಲಾಖೆ, ಅಂದರೆ ಎಚ್‌ಎಂಆರ್‌ಸಿ, ಹೊರದೇಶದಲ್ಲಿರುವ ಮನೆ ಮಾಲೀಕರಿಗೆ ಇಟ್ಟಿರುವ ಹೆಸರು ಇದು. ಇಂಥವರ ಬಾಡಿಗೆಯಿಂದ ಖರ್ಚು ಕಳೆದು, ಉಳಿದದ್ದರಲ್ಲಿ ಶೇ. 20ರಷ್ಟು ತೆರಿಗೆಯನ್ನು ಏಜೆಂಟರೇ ಹಿಡಿದು ಇಲಾಖೆಗೆ ಕಟ್ಟಬೇಕು. ಏಜೆಂಟರಿಲ್ಲದೆ, ಬಾಡಿಗೆ ವಾರಕ್ಕೆ 100 ಪೌಂಡಿಗಿಂತ ಜಾಸ್ತಿ ಇದ್ದರೆ ಆ ಕೆಲಸ ಬಾಡಿಗೆದಾರನ ತಲೆಗೇ ಬರುತ್ತದೆ. ಎನ್‌ಆರ್‌ಎಲ್1 ಅನ್ನುವ ಅರ್ಜಿ ಹಾಕಿ ಒಪ್ಪಿಗೆ ಪಡೆದರೆ ಬಾಡಿಗೆ ಪೂರ್ತಿ ಕೈಗೆ ಬರುತ್ತದೆ. ತೆರಿಗೆ ಮಾಫಿ ಏನಲ್ಲ, ವರ್ಷದ ರಿಟರ್ನ್ ಸಲ್ಲಿಸಿ ಲೆಕ್ಕ ತೀರಿಸಬೇಕು.

ಇದಕ್ಕೆ ನಾನು ‘ಅನಿವಾಸಿ ಮಾಲೀಕ’ ಅಂತ ಬರೆದೆ. ‘ಅನಿವಾಸಿ ಭಾರತೀಯ’ ಎಲ್ಲರಿಗೂ ಗೊತ್ತಿರುವ ಮಾತು, ಅದೇ ದಾರಿಯಲ್ಲಿ ಹೋದರಾಯಿತು ಅಂದುಕೊಂಡೆ. ಹಿರಿಯರು ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: “ಇವನು ಅಲ್ಲಿದ್ದಾಗ ಅನಿವಾಸಿ ಅಂದರು, ಸರಿ. ಈಗ ಬಂದು ಪಕ್ಕದ ಕೋಣೇಲೇ ಕೂತಿದ್ದಾನಲ್ಲ, ಈಗಲೂ ಅನಿವಾಸಿ ಹೇಗಾಗ್ತಾನೆ?”

ಪ್ರಶ್ನೆ ನ್ಯಾಯವಾದದ್ದೇ ಅಲ್ವಾ? ಕನ್ನಡದ ಕಿವಿಗೆ ‘ಅನಿವಾಸಿ’ ಅಂದರೆ ಇಲ್ಲಿ ಇಲ್ಲದವನು. ‘ಇಲ್ಲಿ’ ಅಂದರೆ ಭಾರತ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಪದದೊಳಗೇ ಕೂತಿದೆ. ಬ್ರಿಟನ್ನಿನ ಕಡೆಯಿಂದ ನೋಡಿದರೆ ಅದು ತಿರುಗುಮುರುಗಾಗುತ್ತದೆ. ಭಾರತದ ಆದಾಯ ತೆರಿಗೆಗೆ ಭಾವ ಈಗ ನಿವಾಸಿ. ಇಲ್ಲಿನ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದೇ ಫ್ಲ್ಯಾಟನ್ನು ತೋರಿಸಬೇಕು. ಅಲ್ಲಿ ಅನಿವಾಸಿ, ಇಲ್ಲಿ ನಿವಾಸಿ, ಇಬ್ಬರೂ ಒಬ್ಬನೇ. ಸಾಲದ್ದಕ್ಕೆ ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 1ಕ್ಕೆ ಶುರು, ಅಲ್ಲಿನದು ಏಪ್ರಿಲ್ 6ಕ್ಕೆ, ವಿದೇಶಿ ಆಸ್ತಿಯ ಪಟ್ಟಿಗೆ ಮಾತ್ರ ಜನವರಿಯಿಂದ ಡಿಸೆಂಬರ್ ಲೆಕ್ಕ. ಹಿರಿಯರು ಈ ಐದು ದಿನದ ವ್ಯತ್ಯಾಸವನ್ನು ಇನ್ನೂ ಕ್ಷಮಿಸಿಲ್ಲ.

‘ವಿದೇಶಿ ಮಾಲೀಕ’ ಅನ್ನೋಣವೇ? ಅದು ಇನ್ನೂ ತಪ್ಪು ದಾರಿ. ವಿದೇಶಿ ಅಂದ ಕೂಡಲೇ ಪೌರತ್ವದ ಮಾತು ಬರುತ್ತದೆ. ಈ ನಿಯಮ ಪಾಸ್‌ಪೋರ್ಟ್ ಕೇಳುವುದೇ ಇಲ್ಲ. ಮಾಮೂಲಾಗಿ ವಾಸಿಸುವ ಜಾಗ ಬ್ರಿಟನ್ನಿನ ಹೊರಗಿದೆಯೇ ಅನ್ನುವುದಷ್ಟೇ ಮುಖ್ಯ. 6 ತಿಂಗಳು ಅಥವಾ ಜಾಸ್ತಿ ಹೊರಗಿದ್ದರೆ ಹಾಗೆ ಲೆಕ್ಕ. ಅಲ್ಲೇ ಹುಟ್ಟಿ ಬೆಳೆದ ಬ್ರಿಟಿಷ್ ಸೈನಿಕ ಬೇರೆ ದೇಶದಲ್ಲಿ 6 ತಿಂಗಳಿಗಿಂತ ಹೆಚ್ಚು ಕಾಲ ಕೆಲಸದ ಮೇಲಿದ್ದರೆ ಅವನ ಮನೆ ಬಾಡಿಗೆಗೂ ಇದೇ ನಿಯಮ. ಅವನನ್ನು ‘ವಿದೇಶಿ’ ಅಂದರೆ ಅವನಿಗೇ ನಗು ಬರುತ್ತದೆ. ‘ನಾನ್-ರೆಸಿಡೆಂಟ್’ ಅನ್ನುವ ಹೆಸರೂ ಅಷ್ಟೇನು ಸರಿಯಿಲ್ಲ. ನೋಡುವುದು ವಾಸದ ಜಾಗವನ್ನು, ತೆರಿಗೆಯ ನಿವಾಸಿತನವನ್ನಲ್ಲ ಅಂತ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ.

‘ಪರದೇಶಿ ಮಾಲೀಕ’ ಅಂತ ಭಾವ ತಮಾಷೆಗೆ ಸೂಚಿಸಿದರು. ಕನ್ನಡದಲ್ಲಿ ಪರದೇಶಿ ಅಂದರೆ ದಿಕ್ಕಿಲ್ಲದವನು. ಬಾಯ್ಲರ್ ಕೆಟ್ಟ ತಿಂಗಳ ಬಿಲ್ ನೋಡಿದರೆ ಅದೂ ಒಪ್ಪುತ್ತದೆ ಬಿಡಿ. ‘ಹೊರನಾಡ ಕನ್ನಡಿಗ’ರ ಹಾಗೆ ‘ಹೊರನಾಡ ಮಾಲೀಕ’ ಕೇಳಲು ಚೆನ್ನಾಗಿದೆ, ಆದರೆ ಆ ಪದ ಕರ್ನಾಟಕದ ಹೊರಗೆ ಅನ್ನುವ ಅರ್ಥಕ್ಕೆ ಅಂಟಿಕೊಂಡುಬಿಟ್ಟಿದೆ. ಸದ್ಯಕ್ಕೆ ನಾನು ‘ಹೊರದೇಶದಲ್ಲಿರುವ ಮಾಲೀಕ’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು. ಮೊಟಕಾದದ್ದು ಯಾರಿಗಾದರೂ ಹೊಳೆದರೆ ಹೇಳಿ.

‘ಮಾಲೀಕ’ ಅನ್ನುವ ಪದವೂ ಇಲ್ಲಿ ಪೂರ್ತಿ ಕೈಹಿಡಿಯುವುದಿಲ್ಲ. ಯಂತ್ರಾನುವಾದ ಕೊಡುವ ‘ಭೂಮಾಲೀಕ’ ಬೇಡವೇ ಬೇಡ. ಅದರ ಜೊತೆ ಹೊಲ, ಗೇಣಿ, 1974ರ ಭೂಸುಧಾರಣೆ ಎಲ್ಲ ಬಂದುಬಿಡುತ್ತವೆ. ಮೂರನೇ ಮಹಡಿಯ ಎರಡು ಕೋಣೆಯ ಫ್ಲ್ಯಾಟಿಗೆ ಎಲ್ಲಿಯ ಭೂಮಿ? ತಮಾಷೆ ಅಂದರೆ, ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಸಾಮಾನ್ಯವಾಗಿ ನೆಲ ಸಿಗುವುದಿಲ್ಲ. 99 ವರ್ಷಕ್ಕೋ 125 ವರ್ಷಕ್ಕೋ ಲೀಸ್ ಸಿಗುತ್ತದೆ. ಕಟ್ಟಡದ ಮೂಲ ಒಡೆತನ ಇನ್ನೊಬ್ಬರದು, ಅವರನ್ನು ಫ್ರೀಹೋಲ್ಡರ್ ಅನ್ನುತ್ತಾರೆ. ಹಾಗಾಗಿ ಭಾವ ತಮ್ಮ ಬಾಡಿಗೆದಾರನಿಗೆ ಲ್ಯಾಂಡ್‌ಲಾರ್ಡ್, ಫ್ರೀಹೋಲ್ಡರ್ ಭಾವನಿಗೆ ಲ್ಯಾಂಡ್‌ಲಾರ್ಡ್. ಎರಡಕ್ಕೂ ‘ಮಾಲೀಕ’ ಅಂತ ಬರೆದ ನನ್ನ ಕರಡಿನಲ್ಲಿ ಯಾರು ಯಾರಿಗೆ ದುಡ್ಡು ಕೊಡಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ. ಮೇಲಿನವರಿಗೆ ‘ಮೂಲ ಒಡೆಯರು’ ಅಂತ ಮಾಡಿಕೊಂಡೆ. ಅವರಿಗೆ ಕಟ್ಟುವ ಗ್ರೌಂಡ್ ರೆಂಟಿಗೆ ‘ನೆಲಬಾಡಿಗೆ’ ಅನ್ನುವ ಪದ ಸಿದ್ಧವಾಗಿಯೇ ಇದೆ. (2022ರ ಜೂನ್ 30ರಿಂದ ಈಚಿನ ಬಹುತೇಕ ಹೊಸ ಲೀಸ್‌ಗಳಲ್ಲಿ ಇದನ್ನು ಕೇಳುವ ಹಾಗಿಲ್ಲ. ಇವರದು ಹಳೆಯ ಲೀಸ್.)

ಆದರೆ ‘ಲೀಸ್’ ಅನ್ನುವುದಕ್ಕೇ ಏನು ಮಾಡುವುದು? ನಮ್ಮ ಮಾತಿನಲ್ಲಿ ಮನೆ ಲೀಸಿಗೆ ಅಂದರೆ ಭೋಗ್ಯ. ಇಡಿಗಂಟು ಕೊಡು, ಬಾಡಿಗೆಯಿಲ್ಲದೆ ಇರು, ಬಿಡುವಾಗ ಗಂಟು ವಾಪಸ್ ತಗೋ. ಹಿರಿಯರೂ ಹಾಗೇ ತಿಳಿದು, 125 ವರ್ಷ ಆದಮೇಲೆ ಕೊಟ್ಟ ದುಡ್ಡು ಮೊಮ್ಮಕ್ಕಳ ಮಕ್ಕಳಿಗೆ ವಾಪಸ್ ಬರುತ್ತೇನೋ ಅಂದರು. ಬರುವುದಿಲ್ಲ. ‘ದೀರ್ಘಾವಧಿ ಗುತ್ತಿಗೆ’ ಅಂತ ಹಾಕಿದ್ದೇನೆ. ಗುತ್ತಿಗೆ ಅಂದರೆ ಈಗ ಕಾಂಟ್ರ್ಯಾಕ್ಟರ್ ನೆನಪಾಗುತ್ತಾನೆ, ಆದರೂ ಭೋಗ್ಯಕ್ಕಿಂತ ವಾಸಿ.

ಇನ್ನು ನನಗೆ ಜಾಸ್ತಿ ಕಾಟ ಕೊಟ್ಟದ್ದು ‘ಫೇರ್ ವೇರ್ ಅಂಡ್ ಟೇರ್’. ಬಾಡಿಗೆದಾರ ಮನೆಯನ್ನು ಹದವಾಗಿ ಬಳಸಿದ್ದರಿಂದ, ಗಾಳಿ ಬಿಸಿಲು ಕಾಲದಿಂದ, ತನ್ನಷ್ಟಕ್ಕೆ ಆಗುವ ಹಳತನ. ಇದಕ್ಕೆ ಡಿಪಾಸಿಟ್ಟಿನಿಂದ ಒಂದು ಪೌಂಡೂ ಮುರಿಯುವ ಹಾಗಿಲ್ಲ. ಕಳೆದ ಬಾಡಿಗೆದಾರರು ಬಿಟ್ಟುಹೋದಾಗ ಬಂದ ವರದಿಯಲ್ಲಿ ಎರಡು ಫೋಟೋ ಇದ್ದವು. ಒಂದರಲ್ಲಿ ಬಾಗಿಲ ಬಳಿ ಕಾರ್ಪೆಟ್ಟಿನ ಎಳೆಗಳು ಕೂತು, ಅಡಿಯ ನೂಲು ಇಣುಕುತ್ತಿತ್ತು. ಇನ್ನೊಂದರಲ್ಲಿ ಮಲಗುವ ಕೋಣೆಯ ಕಾರ್ಪೆಟ್ಟಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲೇ ಕಂದು ಬಣ್ಣದ ಸುಟ್ಟ ಗುರುತು, ಮೂತಿ ಸಮೇತ. ಮೊದಲನೆಯದು ಮಾಲೀಕನ ಪಾಲು, ಎರಡನೆಯದು ಬಾಡಿಗೆದಾರನ ಪಾಲು.

ಮೊದಲನೆಯದಕ್ಕೆ ‘ಸವಕಳಿ’ ಅಂದೆ. ಹಿರಿಯರು ತಕ್ಷಣ ತಡೆದರು. ನಲವತ್ತು ವರ್ಷ ಜಮಾ-ಖರ್ಚು ಬರೆದ ಕೈ. ಅವರಿಗೆ ಸವಕಳಿ ಅಂದರೆ ವರ್ಷಾವರ್ಷ ಆಸ್ತಿಯ ಬೆಲೆಯಲ್ಲಿ ಇಳಿಸುವ ಮೊತ್ತ, ಡಿಪ್ರಿಸಿಯೇಷನ್. ಅವರ ಆಕ್ಷೇಪ ಸರಿ, ಏಕೆಂದರೆ ಈ ಲೆಕ್ಕದಲ್ಲಿ ಎರಡೂ ಬರುತ್ತವೆ. ಸುಟ್ಟ ಕಾರ್ಪೆಟ್ಟಿಗೂ ಹೊಸದರ ಬೆಲೆ ಕೇಳಲಾಗದು. ಹಳೆಯದು ಹೋಗಿ ಹೊಸದು ಬಂದರೆ ಮಾಲೀಕನಿಗೆ ಲಾಭವಾದಂತಾಯಿತಲ್ಲ, ಅದನ್ನು ಡಿಪಾಸಿಟ್ಟಿನ ತಕರಾರಿನಲ್ಲಿ ತೀರ್ಪು ಕೊಡುವವರು ಒಪ್ಪುವುದಿಲ್ಲ. 600 ಪೌಂಡಿನ ಕಾರ್ಪೆಟ್ಟು 10 ವರ್ಷ ಬರುತ್ತದೆ, ಆಗಲೇ 6 ವರ್ಷ ಆಗಿದೆ ಅಂತಿಟ್ಟುಕೊಳ್ಳಿ. ಕೇಳಬಹುದಾದದ್ದು ಸುಮಾರು 240. ಇಲ್ಲಿ ಕಳೆದ 360 ನಿಜವಾದ ಸವಕಳಿ. ಬಾಗಿಲ ಬಳಿಯದು ‘ಸವೆತ’. ಹೀಗೆ ಎರಡನ್ನೂ ಬೇರೆಯಿಟ್ಟೆ.

‘ಫೇರ್’ಗೆ ‘ನ್ಯಾಯವಾದ ಸವೆತ’ ಅಂದರೆ ಕಾರ್ಪೆಟ್ಟು ಕೋರ್ಟಿಗೆ ಹೋದ ಹಾಗಿರುತ್ತದೆ. ‘ಸಹಜ ಸವೆತ’ ನನ್ನ ಆಯ್ಕೆ. ಒಂದೇ ಕೊರತೆ: ಬಿಸಿಲಿಗೆ ಬಣ್ಣ ಹೋದ ಪರದೆಗೆ, ಹಳದಿಯಾದ ಗೋಡೆಗೆ ಕನ್ನಡದಲ್ಲಿ ಸವೆಯಿತು ಅನ್ನುವುದಿಲ್ಲ, ಮಾಸಿತು ಅನ್ನುತ್ತೇವೆ. ‘ಸಹಜ ಸವೆತ-ಮಾಸು’ ಅಂತ ಜೋಡಿಸಿದರೆ ಹೇಗೆ?

ಡಿಪಾಸಿಟ್ಟಿಗೆ ‘ಮುಂಗಡ’ ಬೇಡ, ‘ಠೇವಣಿ’ ಇರಲಿ. ಅದು ಕೊನೆಯವರೆಗೂ ಬಾಡಿಗೆದಾರನದೇ ದುಡ್ಡು. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಠೇವಣಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡದ್ದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ನೋಂದಾಯಿಸಬೇಕು. ‘ಮುಂಗಡ’ವನ್ನು ಮನೆ ಬೇರೆಯವರಿಗೆ ಕೊಡದಂತೆ ಹಿಡಿದಿಡಲು ಕೊಡುವ ಒಂದು ವಾರದ ಹೋಲ್ಡಿಂಗ್ ಡಿಪಾಸಿಟ್ಟಿಗೆ ಉಳಿಸಿಕೊಳ್ಳಬಹುದು.

‘ಅಡ್ರೆಸ್ ಫಾರ್ ಸರ್ವಿಸ್’ ಒಂದನ್ನು ಮಾತ್ರ ಕೋರ್ಟಿನ ಕನ್ನಡ ಸಲೀಸಾಗಿ ಬಿಡಿಸಿತು. ಅಲ್ಲಿನ 1987ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ, ಮಾಲೀಕ ಎಲ್ಲೇ ಇರಲಿ, ತನಗೆ ನೋಟಿಸ್ ಕಳಿಸಲು ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿನ ಒಂದು ವಿಳಾಸವನ್ನು ಬಾಡಿಗೆದಾರನಿಗೆ ಕೊಡಲೇಬೇಕು. ಕೊಡುವ ತನಕ ಬಾಡಿಗೆ ಬಾಕಿಯೆಂದೇ ಲೆಕ್ಕವಿಲ್ಲ. ‘ಸೇವಾ ವಿಳಾಸ’ ಅಂದರೆ ದೇವಸ್ಥಾನದ ರಸೀದಿಯಂತೆ ಕೇಳುತ್ತದೆ. ಸಮನ್ಸ್ ‘ಜಾರಿ’ ಆಗುತ್ತದಲ್ಲ, ಹಾಗೆ ‘ನೋಟಿಸ್ ಜಾರಿ ವಿಳಾಸ’.

ಕಡೆಯದು, ಇದರಲ್ಲಿ ಭಿನ್ನಾಭಿಪ್ರಾಯ ಬರಬಹುದು. 1988ರ ವಸತಿ ಕಾಯ್ದೆಯ 21ನೇ ಸೆಕ್ಷನ್ ಕಾರಣ ಹೇಳದೆ ಮನೆ ಬಿಡಿಸುವ ನೋಟಿಸಿಗೆ ದಾರಿ ಮಾಡಿತ್ತು. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಅದನ್ನು ತೆಗೆದುಹಾಕುತ್ತದೆ. ಇದನ್ನು ‘ಒಕ್ಕಲೆಬ್ಬಿಸುವ ನೋಟಿಸ್’ ಅಂದರೆ ಸರಿಯೇ? ಒಕ್ಕಲೆಬ್ಬಿಸುವುದು ಅಂದರೆ ನೆಲೆಯಿಂದಲೇ ಕೀಳುವುದು. ನೋಟಿಸು ಕೊಟ್ಟ ಮಾತ್ರಕ್ಕೆ ಯಾರೂ ಎದ್ದು ಹೋಗಬೇಕಾಗಿಲ್ಲ, ಕೋರ್ಟಿನ ಆದೇಶ ಬೇಕು. ನಾನು ನೋಟಿಸಿಗೆ ‘ಮನೆ ತೆರವಿನ ನೋಟಿಸ್’ ಅಂತಲೂ, ಕೋರ್ಟಿನ ಸಿಬ್ಬಂದಿ ಬಂದು ಹೊರಗೆ ಹಾಕುವುದಕ್ಕೆ ಮಾತ್ರ ‘ಒಕ್ಕಲೆಬ್ಬಿಸು’ ಅಂತಲೂ ಇಟ್ಟಿದ್ದೇನೆ. ಅಕ್ಕನಿಗೆ ಇದು ಒಪ್ಪಿಗೆಯಿಲ್ಲ. ನೋಟಿಸು ಕೈಗೆ ಬಂದ ದಿನವೇ ಎಬ್ಬಿಸಿದ ಹಾಗಲ್ವಾ ಅನ್ನುತ್ತಾಳೆ. ನೀವು ಯಾರ ಕಡೆ?