ಸಹಾಯ ಬೇಕು: ‘ಎಕ್ಸ್‌ಪೆಕ್ಟ್’ ಪದ ಎಲ್ಲಿ, ಹೇಗೆ ಬಳಸಬೇಕು?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದೊಂದು ಪುಟ್ಟ ಹೋಂಸ್ಟೇ ಇದೆ. ಮೊನ್ನೆ ಬರಬೇಕಿದ್ದ ಅತಿಥಿಗೆ ‘ಮೈ ವೈಫ್ ಈಸ್ ಎಕ್ಸ್‌ಪೆಕ್ಟಿಂಗ್’ ಅಂತ ಮೆಸೇಜ್ ಹಾಕಿದೆ. ಹೆಂಡತಿ ನಿಮ್ಮ ದಾರಿ ಕಾಯುತ್ತಿದ್ದಾಳೆ ಅನ್ನೋದು ನನ್ನ ಲೆಕ್ಕ. ಅವರು ಮಗುವಿಗೆ ಸ್ವೆಟರ್ ಹಿಡಿದುಕೊಂಡು ಬಂದರು! ನನ್ನವಳಿಗೆ 52 ವರ್ಷ. ಕೊನೆಗೆ ‘ಯು’ ಸೇರಿಸದಿದ್ದರೆ ಬಸುರಿ ಅಂತಲೇ ಅರ್ಥ ಎಂದು ಮಗಳು ನಕ್ಕಳು.

ಈಗ ಇನ್ನೊಂದು ಗೊಂದಲ. ಮಾರ್ಚ್‌ನಲ್ಲಿ ಕಾಫಿಗೆ ಹೂಮಳೆ, ಅಂದರೆ ಗಿಡ ಹೂ ಬಿಡೋಕೆ ಬೇಕಾದ ಮಳೆ, ಬರಬೇಕು. ಮೋಡ ಕಟ್ಟಿದೆ, ಬಂದೇ ಬರುತ್ತೆ ಅನ್ನಿಸಿದರೆ ‘ಎಕ್ಸ್‌ಪೆಕ್ಟ್’. ಬಂದರೆ ಸಾಕಪ್ಪಾ ಅಂತಿದ್ದರೆ ‘ಹೋಪ್’. ಸುಮ್ನೆ ಆಕಾಶ ನೋಡುತ್ತಾ ಕೂತರೆ ‘ವೇಟ್’. ಇಷ್ಟು ಸರಿ ಅಲ್ವಾ?

ಮತ್ತೆ, ‘ಐ ಎಕ್ಸ್‌ಪೆಕ್ಟ್ ಯು ಟು ಪೇ ಟುಮಾರೋ’ ಅಂದರೆ ಜೋರು ಮಾಡಿದ ಹಾಗಾಗುತ್ತಾ? ಒಬ್ಬರಿಂದ ಬಾಕಿ ಬರಬೇಕಿದೆ. ಮೆತ್ತಗೆ ಕೇಳೋದು ಹೇಗೆ, ಯಾರಾದರೂ ಹೇಳಿ.