ಐದಾರು ವರ್ಷದ ಮಕ್ಕಳಿಗೆ ಟೀ-ಬಾಲ್: ಯಾವುದರಿಂದ ಶುರು ಮಾಡೋದು?

ಜೆರ್ಸಿ_ಅಪ್ಪ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿ ನಮ್ಮೂರಿನ ಟೀ-ಬಾಲ್ (ಚೆಂಡನ್ನು 'ಟೀ' ಅನ್ನೋ ಕಂಬದ ಮೇಲಿಟ್ಟು ಹೊಡೆಯೋ ಚಿಕ್ಕ ಮಕ್ಕಳ ಬೇಸ್‌ಬಾಲ್) ತಂಡಕ್ಕೆ ಸಹಾಯಕ ಕೋಚ್ ಆಗಿ ಹೆಸರು ಕೊಟ್ಟಿದ್ದೇನೆ. 12 ಮಕ್ಕಳು, ವಾರಕ್ಕೆ ಒಂದು ಗಂಟೆ ಪ್ರಾಕ್ಟೀಸ್. ನನಗೆ ಕ್ರಿಕೆಟ್ ಗೊತ್ತು, ಬೇಸ್‌ಬಾಲ್ ಅಷ್ಟಕ್ಕಷ್ಟೆ. ತಂಡದಲ್ಲಿ ನಾಲ್ಕೈದು ಮಕ್ಕಳು ಮನೆಯಲ್ಲಿ ಕ್ರಿಕೆಟ್ ಆಡುವವರು. ಬ್ಯಾಟನ್ನು ಕೆಳಗಿಂದ ನೆಟ್ಟಗೆ ಬೀಸಿ ಚೆಂಡು ಬಿಟ್ಟು ಟೀ ಕಂಬಕ್ಕೆ ಹೊಡೀತಾರೆ, ಆಮೇಲೆ ಬ್ಯಾಟ್ ಹಿಡ್ಕೊಂಡೇ ಓಡ್ತಾರೆ. ಉಳಿದವರು ಚೆಂಡು ಹತ್ತಿರ ಬಂದರೆ ಮುಖ ತಿರುಗಿಸ್ತಾರೆ. ಮೊದಲು ಏನು ಹೇಳಿಕೊಡಲಿ? ಗ್ಲೌಸ್, ಬ್ಯಾಟ್ ಯಾವ ಅಳತೆ ಸರಿ?

ಡಗ್‌ಔಟ್_ಅಣ್ಣ

ಮೊದಲು ಎಸೆತ. ಮಕ್ಕಳಿಗೂ ಅಪ್ಪ-ಅಮ್ಮಂದಿರಿಗೂ ಬ್ಯಾಟಿಂಗ್ ಮೇಲೇ ಕಣ್ಣು, ಆದರೆ ಎಸೆಯೋಕೆ ಬರದ ಮಗು ಫೀಲ್ಡಿನಲ್ಲಿ ಚೆಂಡು ಸಿಕ್ಕರೂ ಏನು ಮಾಡಬೇಕೋ ತಿಳಿಯದೆ ಕೈಲಿ ಹಿಡಿದು ನಿಂತುಬಿಡುತ್ತೆ.

ಹಿಡಿತದಿಂದ ಶುರು ಮಾಡಿ. ಬೇಸ್‌ಬಾಲಿನ ಹೊಲಿಗೆ ಒಂದು ಕಡೆ ಕುದುರೆ ಲಾಳದ ಹಾಗೆ ಬಾಗಿರುತ್ತೆ. ಬೆರಳ ತುದಿ ಆ ಹೊಲಿಗೆಯನ್ನು ಅಡ್ಡ ದಾಟಿ ಕೂರಬೇಕು, ಹೆಬ್ಬೆರಳು ನೇರ ಕೆಳಗೆ. ದೊಡ್ಡವರು ಎರಡು ಬೆರಳಲ್ಲಿ ಹಿಡಿಯುತ್ತಾರೆ. ಐದು ವರ್ಷದ ಕೈಗೆ ಸುತ್ತಳತೆ 9 ಇಂಚಿರುವ ಚೆಂಡು ದೊಡ್ಡದೇ, ಹಾಗಾಗಿ ಮೂರು ಬೆರಳು ಇಡಲಿ, ತಪ್ಪಿಲ್ಲ. ಅಂಗೈಗೆ ಒತ್ತಿ ಹಿಡಿದರೆ ಮಾತ್ರ ಚೆಂಡು ಬಿಡೋದು ತಡವಾಗಿ ಕಾಲ ಬುಡಕ್ಕೆ ಬೀಳುತ್ತೆ.

ಕಾಲಿನ ಗೊಂದಲ ಬೇಡ ಅಂದರೆ ಮೊದಲೆರಡು ವಾರ ಮಂಡಿ ಊರಿಸಿ ಎಸೆಸಿ. ಬಲಗೈಯವರಾದರೆ ಬಲಮಂಡಿ ನೆಲಕ್ಕೆ, ಎಡಪಾದ ಮುಂದೆ, ಎಡಭುಜ ಗುರಿಯ ಕಡೆ. ಚೆಂಡಿನ ಕೈ ಹಿಂದಕ್ಕೆ ಹೋದಾಗ ಮೊಣಕೈ ಭುಜದ ಮಟ್ಟಕ್ಕೆ ಬರಬೇಕು. ಅದು ಕೆಳಗಿಳಿದರೆ ಎಸೆತ ಹೋಗಿ ದೂಡೋದಾಗುತ್ತೆ. ಎಸೆದ ಮೇಲೆ ಕೈ ಎಡಮಂಡಿ ದಾಟಿ ಬರಲಿ. ಆಮೇಲೆ ಎದ್ದು ನಿಂತು, ಎಡಗಾಲು ಮುಂದಿಟ್ಟು ಎಸೆಯೋದು. ಬಲಗೈ ಎಸೆತಕ್ಕೆ ಬಲಗಾಲನ್ನೇ ಮುಂದಿಡೋದು ಈ ವಯಸ್ಸಿನಲ್ಲಿ ತುಂಬಾ ಕಾಣೋ ತಪ್ಪು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಪಾದ ಬರೆದು "ಎಡಗಾಲು ಇಲ್ಲಿ" ಅಂದರೆ ಬೇಗ ಸರಿಹೋಗುತ್ತೆ.

ಕ್ರಿಕೆಟ್ ಮಕ್ಕಳಿಗೆ ಒಂದೇ ಮಾತು: ಇದು ಬೌಲಿಂಗ್ ಅಲ್ಲ, ಬೌಂಡರಿಯಿಂದ ಕೀಪರಿಗೆ ಎಸೆಯೋ ಎಸೆತ.

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಬೇಡಿ. ಹಿಡಿಯೋಕೆ ಬರಲ್ಲ, ಅರ್ಧ ಸಮಯ ಚೆಂಡು ಹುಡುಕೋದರಲ್ಲೇ ಹೋಗುತ್ತೆ. ಬೇಲಿಯ ಮುಂದೆ 10-12 ಅಡಿ ದೂರದಲ್ಲಿ ಸಾಲಾಗಿ ನಿಲ್ಲಿಸಿ, ಬಕೆಟ್ ಬೋರಲು ಹಾಕಿ ಮೇಲೆ ಪ್ಲಾಸ್ಟಿಕ್ ಲೋಟ ಪೇರಿಸಿ ಕೆಡವಿಸಿ. ನಮ್ಮ ಲಗೋರಿಯೇ. ಎಸೆಯೋಕೂ ಹೆಕ್ಕೋಕೂ ಒಂದೊಂದು ಕೂಗು ಇರಲಿ, ಎಲ್ಲರೂ ಎಸೆದಾದ ಮೇಲೆಯೇ ಚೆಂಡು ತರೋದು.

ಶಾರ್ಟ್‌ಸ್ಟಾಪ್_ಮೈಸೂರು

ಟೀ ಕಂಬಕ್ಕೆ ಬ್ಯಾಟ್ ಬಡಿಯೋಕೆ ಕ್ರಿಕೆಟ್ ಒಂದೇ ಕಾರಣ ಅಲ್ಲ ಸರ್. ಬ್ಯಾಟ್ ಭಾರ ಆದರೂ ತುದಿ ಜೋತುಬಿದ್ದು ಕಂಬಕ್ಕೆ ತಗಲುತ್ತೆ. ಮಗು ಒಂದೇ ಕೈಯಲ್ಲಿ ಬ್ಯಾಟನ್ನು ಭುಜದ ಮಟ್ಟಕ್ಕೆ ಚಾಚಿ ಹಿಡಿಯಲಿ. ಹತ್ತು ಎಣಿಸೋದರೊಳಗೆ ಕೈ ಇಳಿದರೆ ಆ ಬ್ಯಾಟ್ ಬೇಡ. ಈ ವಯಸ್ಸಿಗೆ 24ರಿಂದ 26 ಇಂಚು, 12-14 ಔನ್ಸ್ ಸಾಕು. "ಮುಂದಿನ ವರ್ಷಕ್ಕೂ ಆಗಲಿ" ಅಂತ ಉದ್ದದ್ದು ತಂದರೆ ಈ ವರ್ಷದ ಕಲಿಕೆ ಕೆಡುತ್ತೆ. ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್ ನಡೆಸೋ ಸಂಸ್ಥೆ) ತಂಡವಾದರೆ ಬ್ಯಾಟ್ ಮೇಲೆ ಯುಎಸ್‌ಎ ಬೇಸ್‌ಬಾಲ್ ಮುದ್ರೆ ಇದೆಯಾ ನೋಡಿಕೊಳ್ಳಿ, 2018ರಿಂದ ಆ ನಿಯಮ ಇದೆ.

ಟೀ ಎಲ್ಲಿಡಬೇಕು ಅನ್ನೋದು ಇನ್ನೊಂದು ವಿಷಯ. ತುಂಬಾ ಜನ ಮಗುವಿನ ಹೊಟ್ಟೆಯ ನೇರಕ್ಕೆ ಇಡ್ತಾರೆ, ಆಗ ಮೊಣಕೈ ಮುದುಡಿಕೊಂಡು ಬ್ಯಾಟ್ ಸಿಕ್ಕಿಕೊಳ್ಳುತ್ತೆ. ಮುಂದಿನ ಪಾದದ ನೇರಕ್ಕೆ ಬರೋ ಹಾಗೆ ಇಡಿ, ಎತ್ತರ ಬೆಲ್ಟಿಗಿಂತ ಸ್ವಲ್ಪ ಕೆಳಗೆ. ಕೈ ಚಾಚಿದಾಗ ಬ್ಯಾಟಿನ ದಪ್ಪ ಭಾಗ ಚೆಂಡಿಗೆ ತಾಗಬೇಕು, ಅಷ್ಟು ದೂರ ನಿಲ್ಲಿಸಿ.

ಕ್ರಿಕೆಟ್ ಮಕ್ಕಳ ಕೈ ಬದಲಿಸಬೇಡಿ! ಬಲಗೈ ಬ್ಯಾಟರಿಗೆ ಹಿಡಿಯ ತುದಿಯಲ್ಲಿ ಎಡಗೈ ಇರೋದು ಎರಡೂ ಆಟದಲ್ಲಿ ಒಂದೇ. ಬದಲಾಗೋದು ಹೆಸರು. ಕ್ರಿಕೆಟ್ಟಿನಲ್ಲಿ ಬ್ಯಾಟ್ ಕೆಳಮುಖ, ಹಾಗಾಗಿ ಟಾಪ್ ಹ್ಯಾಂಡ್ ಅಂದರೆ ಎಡಗೈ. ಇಲ್ಲಿ ಬ್ಯಾಟ್ ಮೇಲ್ಮುಖ, ಟಾಪ್ ಹ್ಯಾಂಡ್ ಅಂದರೆ ಬಲಗೈ. ಹೆಡ್ ಕೋಚ್ "ಟಾಪ್ ಹ್ಯಾಂಡ್" ಅಂದಾಗ ನೀವು ತಪ್ಪಾಗಿ ತಿಳಿದು ಮಗುವಿನ ಕೈ ಅದಲು ಬದಲು ಮಾಡಿಬಿಡೋ ಸಂಭವ ಇದೆ. ಎರಡು ಕೈಯ ನಡುವೆ ಸಂದು ಇರಬಾರದು, ಬಾಗಿಲು ತಟ್ಟೋ ಗೆಣ್ಣುಗಳು ಹೆಚ್ಚುಕಡಿಮೆ ಒಂದೇ ಸಾಲಿಗೆ ಬರಬೇಕು. ಬೀಸು ಪುಲ್ ಶಾಟಿನ ಹಾಗೆ ಅಡ್ಡಡ್ಡ, ಸೊಂಟ ತಿರುಗಲಿ.

ಅಮ್ಮ_ಇನ್_ಔಟ್‌ಫೀಲ್ಡ್

ಮುಖ ತಿರುಗಿಸೋ ಮಕ್ಕಳನ್ನ "ಹೆದರಬೇಡ" ಅಂತ ಗದರಿಸಬೇಡಿ, ದಯವಿಟ್ಟು. ಹೆದರಿಕೆ ಸಹಜ, ಚೆಂಡನ್ನೇ ಬದಲಿಸಿ. ಮೊದಲು ಟೆನಿಸ್ ಬಾಲ್, ಬರಿಗೈ, ನೆಲದ ಮೇಲೆ ಉರುಳಿಸಿ. ಕಾಲು ಅಗಲ, ಕುಕ್ಕರಗಾಲಿನ ಹತ್ತಿರಕ್ಕೆ ಬಗ್ಗಿ, ಒಂದು ಕೈ ನೆಲ ಮುಟ್ಟಿರಲಿ, ಇನ್ನೊಂದು ಮೇಲಿಂದ ಮೊಸಳೆ ಬಾಯಿ ಮುಚ್ಚೋ ಹಾಗೆ ಬರಲಿ. ಆಮೇಲೆ 5-6 ಅಡಿಯಿಂದ ಕೆಳಗೈಯಲ್ಲಿ ಮೆಲ್ಲಗೆ ಹಾರಿಸಿ. ಗ್ಲೌಸ್ ಹಾಕಿದ ಮೇಲೆ ಲೆವೆಲ್ 1 ಅಂತ ಬರೆದಿರೋ ಮೆತ್ತನೆ ಚೆಂಡು.

ಒಂದು ವಿಷಯ ಖಂಡಿತ ಬಿಡಿಸಬೇಕು: ಎದೆಗಿಂತ ಮೇಲೆ ಬಂದ ಚೆಂಡಿಗೂ ಬೊಗಸೆ ಒಡ್ಡೋದು. ಚೆಂಡು ಅಂಗೈ ಮೇಲೆ ಜಾರಿ ನೇರ ಮೂತಿಗೇ ಬಡಿಯುತ್ತೆ, ಒಂದು ಸಲ ಪೆಟ್ಟಾದರೆ ಆ ಮಗು ಮತ್ತೆ ತಿಂಗಳುಗಟ್ಟಲೆ ಕಣ್ಣು ಮುಚ್ಚುತ್ತೆ. ಸೊಂಟಕ್ಕಿಂತ ಮೇಲೆ ಬಂದರೆ ಬೆರಳು ಆಕಾಶಕ್ಕೆ, ಹೆಬ್ಬೆರಳುಗಳು ಜೋಡಿ. ಕೆಳಗೆ ಬಂದರೆ ಬೆರಳು ನೆಲಕ್ಕೆ, ಕಿರುಬೆರಳುಗಳು ಜೋಡಿ.

ಗ್ಲೌಸ್ 9ರಿಂದ 10 ಇಂಚು, ಮಗು ತಾನೇ ಹಿಸುಕಿದರೆ ಮುಚ್ಚುವಷ್ಟು ಮೆತ್ತಗಿರಬೇಕು. ಬಲಗೈಯಲ್ಲಿ ಎಸೆಯೋ ಮಗುವಿಗೆ ಗ್ಲೌಸ್ ಎಡಗೈಗೆ. ಅಂಗಡಿಯಲ್ಲಿ "ಆರ್‌ಎಚ್‌ಟಿ" ಅಂದರೆ ಬಲಗೈ ಎಸೆತದವರದು ಅಂತ ಅರ್ಥ, ಬಲಗೈಗೆ ಹಾಕೋದು ಅಂತಲ್ಲ.

ಜೆರ್ಸಿ_ಅಪ್ಪ

ಟಾಪ್ ಹ್ಯಾಂಡ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಬ್ಯಾಟ್ ಹಿಡಿದು ಓಡೋದಕ್ಕೆ ಏನು ಮಾಡೋದು? 12 ಜನ ಸಾಲಲ್ಲಿ ನಿಂತಾಗ ಗಲಾಟೆಯೂ ಜಾಸ್ತಿ.

ಡಗ್‌ಔಟ್_ಅಣ್ಣ

ಸಾಲೇ ಬೇಡ. ನಾಲ್ಕು ನಾಲ್ಕು ಮಕ್ಕಳ ಮೂರು ಗುಂಪು: ಎಸೆತ, ನೆಲದ ಚೆಂಡು, ಟೀ. ಒಂದೊಂದಕ್ಕೆ ಹತ್ತು ನಿಮಿಷ, ಆಮೇಲೆ ಎಲ್ಲರಿಗೂ ಬೇಸ್ ಓಟ, ಅಂದರೆ ಹೊಡೆದವರು ಒಂದಾದ ಮೇಲೊಂದು ಮುಟ್ಟಬೇಕಾದ ಗುರುತುಗಳ ಸುತ್ತ ಓಡೋದು. ಪ್ರತಿ ಗುಂಪಿಗೆ ಒಬ್ಬ ದೊಡ್ಡವರು ಬೇಕು, ಬೇಲಿಯಾಚೆ ಕೂತ ಅಪ್ಪ-ಅಮ್ಮಂದಿರನ್ನು ಕರೆಯಿರಿ. ಟೀ ಹತ್ತಿರ ಒಂದೇ ಬ್ಯಾಟ್, ಹಿಡಿದವರ ತಲೆ ಮೇಲೆ ಹೆಲ್ಮೆಟ್. ಉಳಿದ ಮೂವರು ಬೀಸಿನ ಹಿಂದೆ ಅಲ್ಲ, ಬೇಲಿಯಾಚೆ. ಲಿಟಲ್ ಲೀಗ್ ಟೀ-ಬಾಲಿನಲ್ಲಿ ಮುಂದಿನ ಬ್ಯಾಟರ್ ಹೊರಗೆ ನಿಂತು ಬ್ಯಾಟ್ ಬೀಸೋ ಹಾಗೇ ಇಲ್ಲ.

ಬ್ಯಾಟಿಗೆ: ಟೀ ಪಕ್ಕ ಮೊದಲ ಬೇಸಿನ ಕಡೆ ಮೂರು ಹೆಜ್ಜೆ ದೂರದಲ್ಲಿ ಒಂದು ಹೂಲಾ ಹೂಪ್ ಇಡಿ. ಅದೇ ಬ್ಯಾಟಿನ ಮನೆ. ಹೊಡಿ, ಮನೆಯಲ್ಲಿ ಇಡು, ಓಡು. ಎಸೆಯೋದಲ್ಲ, ಇಡೋದು. ಕ್ರೀಸಿಗೆ ಬ್ಯಾಟ್ ಮುಟ್ಟಿಸೋ ಅಭ್ಯಾಸ ಇರೋರಿಗೆ ಮೊದಲ ಬೇಸ್ ಮೇಲೆ ಕಾಲೂರಿ ದಾಟಿ ಓಡಬಹುದು, ಎರಡು-ಮೂರರಲ್ಲಿ ಮಾತ್ರ ಅಲ್ಲೇ ನಿಲ್ಲಬೇಕು ಅಂತ ನಡೆದು ತೋರಿಸಿ. ಇಲ್ಲವಾದರೆ ಮೊದಲ ಬೇಸಿಗೆ ಎರಡು ಹೆಜ್ಜೆ ಮುಂಚೆಯೇ ಓಟ ನಿಧಾನ ಮಾಡ್ತಾರೆ.